ಹೊಲ ಬರಿದಾದ ತಿಂಗಳಲ್ಲಿ ಉಣ್ಣಲು: ಬದುವಿನ ಮೇಲೆ ಯಾವ ಗಿಡ, ಎಷ್ಟು, ಹೇಗೆ

ಕಲಬುರಗಿ, ಬೀದರ್, ಯಾದಗಿರಿಯ ಖುಷ್ಕಿ (ಮಳೆಯನ್ನೇ ನಂಬಿದ) ಹೊಲದ ವರ್ಷ ಹೀಗೆ ಸಾಗುತ್ತದೆ: ಮುಂಗಾರಿಗೆ ಹೆಸರು, ಉದ್ದು, ಸೋಯಾ, ತೊಗರಿ, ಹಿಂಗಾರಿಗೆ ಜೋಳ, ಕಡಲೆ. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ, ಫೆಬ್ರವರಿ-ಮಾರ್ಚಿನಲ್ಲಿ ಜೋಳದ ರಾಶಿ. ಅದಾದ ಮೇಲೆ ಆಗಸ್ಟಿನಲ್ಲಿ ಹೆಸರುಕಾಯಿ ಬಿಡಿಸುವವರೆಗೆ ಹೊಲ ಮನೆಗೆ ಏನನ್ನೂ ಕಳಿಸುವುದಿಲ್ಲ. ಚೀಲದಲ್ಲಿ ಜೋಳ ಇರುತ್ತದೆ, ಡಬ್ಬಿಯಲ್ಲಿ ಬೇಳೆ ಇರುತ್ತದೆ. ರೊಟ್ಟಿಯ ಪಕ್ಕಕ್ಕೆ ಸೊಪ್ಪು, ಮಕ್ಕಳ ಕೈಗೆ ಹಣ್ಣು, ಸಾರಿಗೆ ಹುಳಿ, ಆಡಿನ ಬಾಯಿಗೆ ಮೇವು ಮಾತ್ರ ಇರುವುದಿಲ್ಲ. ಕೊಂಡು ತಂದರೆ ಉಂಟು, ಇಲ್ಲವಾದರೆ ಖಾರಪುಡಿ-ಎಣ್ಣೆಯಲ್ಲೇ ರೊಟ್ಟಿ.

ಈ ತೆರಪನ್ನು ತುಂಬುವುದು ಗಿಡ. (ನಮ್ಮ ಕಡೆ ಮರಕ್ಕೂ ಗಿಡ ಎಂದೇ ಅನ್ನುವುದು, ಇಲ್ಲೂ ಹಾಗೇ ಬರೆದಿದೆ.) ಬೇರು ಆಳಕ್ಕಿಳಿದ ಗಿಡಕ್ಕೆ ಏಪ್ರಿಲ್ ಬಿಸಿಲಿನಲ್ಲೂ ಕೆಳಗಿನ ತೇವ ಸಿಗುತ್ತದೆ, ಹುಣಸೆ ಚಿಗುರುವುದು, ನುಗ್ಗೆ ಕಾಯಿ ಬಿಡುವುದು, ಜಾಲಿಕಾಯಿ ಉದುರುವುದು ಎಲ್ಲ ಹೊಲ ಒಣಗಿದ ಮೇಲೆಯೇ. ಹೀಗಾಗಿ ಗಿಡ ಆರಿಸುವಾಗ ಮೊದಲು ತಿಂಗಳು ನೋಡಿ, ಬೆಲೆ ಆಮೇಲೆ ನೋಡಿ.

ತಿಂಗಳ ಲೆಕ್ಕ

ನುಗ್ಗೆ ಎಲೆ ವರ್ಷದ ಬಹುಪಾಲು ಸಿಗುತ್ತದೆ, ಕಾಯಿಯ ದೊಡ್ಡ ಸುಗ್ಗಿ ಮಾರ್ಚಿನಿಂದ ಜೂನ್. ಹುಣಸೆ ಹಣ್ಣು ಫೆಬ್ರವರಿಯಿಂದ ಏಪ್ರಿಲ್, ಅದರ ಬೆನ್ನಿಗೇ ಚಿಗುರು. ಮಾವು ಏಪ್ರಿಲಿನಿಂದ ಜೂನ್. ಬೇಲಿಯ ಕವಳೆಕಾಯಿ ಏಪ್ರಿಲ್-ಮೇ ತಿಂಗಳಲ್ಲಿ ಉಪ್ಪಿನಕಾಯಿಗೆ, ಹಣ್ಣಾಗುವುದು ಮಳೆ ಹಿಡಿಯುವ ಹೊತ್ತಿಗೆ. ನೇರಳೆ ಜೂನ್-ಜುಲೈ. ಸೀತಾಫಲ ಸೆಪ್ಟೆಂಬರಿನಿಂದ ನವೆಂಬರ್. ಬಾರೆಹಣ್ಣು ಡಿಸೆಂಬರಿನಿಂದ ಫೆಬ್ರವರಿ. ಕರಿಜಾಲಿಯ ಕಾಯಿ, ಬನ್ನಿಯ ಸೊಪ್ಪು ಬೇಸಿಗೆಯ ಆಡು-ಕುರಿಗೆ.

ಐದು ಜನರ ಮನೆ, ಮೂರು-ನಾಲ್ಕು ಎಕರೆ ಹೊಲ ಎಂದಿಟ್ಟುಕೊಂಡರೆ ಇಷ್ಟು ಸಾಕು: ನುಗ್ಗೆ ನಾಲ್ಕು, ಹುಣಸೆ ಒಂದು, ಬಾರೆ ಮೂರು, ಸೀತಾಫಲ ಹತ್ತು, ಮಾವು ಎರಡು, ನೇರಳೆ ಒಂದು (ಹಳ್ಳದ ದಂಡೆ ಇದ್ದರೆ), ಕರಿಬೇವು ಎರಡು, ಬೇಲಿಗೆ ಕವಳೆ ಮೂವತ್ತು. ಬೇವು, ಬನ್ನಿ, ಜಾಲಿ ತಾವಾಗಿಯೇ ಹುಟ್ಟುತ್ತವೆ. ಹುಟ್ಟಿದ್ದನ್ನು ಉಳಿಸಿಕೊಂಡರೆ ಮುಗಿಯಿತು. ಒಂದೇ ವರ್ಷ ನೂರು ಸಸಿ ತಂದು ಬದುವಿನುದ್ದಕ್ಕೂ ನೆಟ್ಟು ಏಪ್ರಿಲಿನಲ್ಲಿ ಕೈಚೆಲ್ಲುವುದಕ್ಕಿಂತ ಇಪ್ಪತ್ತು ನೆಟ್ಟು ಹದಿನೆಂಟನ್ನು ಉಳಿಸುವುದು ಲೇಸು. ನೀರು ಹೊರುವವರು ಯಾರು ಎಂಬುದನ್ನು ಸಸಿ ತರುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಸಾಮಾನ್ಯವಾಗಿ ಹೊರುವವರು ಒಬ್ಬರು, ಎಣಿಕೆ ನಿರ್ಧರಿಸುವವರು ಇನ್ನೊಬ್ಬರು.

ನೆಡುವ ಮೊದಲು, ಇರುವ ಕಾಡು ಬಾರೆಗೆ ಕಸಿ

ಹೊಸ ಗುಂಡಿ ತೋಡುವ ಮೊದಲು ಬದುವಿನ ಮೇಲೊಂದು ಸುತ್ತು ಹಾಕಿ. ಈ ಮೂರೂ ಜಿಲ್ಲೆಗಳ ಒಡ್ಡುಗಳಲ್ಲಿ ಕಾಡು ಬಾರೆ ತುಂಬಿದೆ. ಮುಳ್ಳೆಂದು ಪ್ರತಿ ವರ್ಷ ಕಡಿದು ಬೇಲಿಗೆ ಹಾಕುತ್ತೇವೆ, ಪ್ರತಿ ವರ್ಷ ಅದು ಮತ್ತೆ ಚಿಗುರುತ್ತದೆ. ಹಾಗೆ ಚಿಗುರುವ ಬೇರೇ ಇಲ್ಲಿ ಬಂಡವಾಳ. ಅದರ ಮೇಲೆ ಒಳ್ಳೆಯ ಜಾತಿಯ ಕಣ್ಣು (ಎಲೆ ಬುಡದ ಮೊಗ್ಗು) ಕೂರಿಸಿ ಕಸಿ ಮಾಡಿದರೆ ನೀರು ಹೊರುವ ಕೆಲಸವೇ ಇಲ್ಲ, ಎರಡನೇ ಚಳಿಗಾಲಕ್ಕೆ ಹಣ್ಣು. ಖರ್ಚು ಕಡಿಮೆ, ಫಲ ಬೇಗ. ಈ ಬರಹದಲ್ಲಿ ಒಂದೇ ಕೆಲಸ ಮಾಡುವುದಾದರೆ ಇದನ್ನು ಮಾಡಿ.

ಮಾರ್ಚ್-ಏಪ್ರಿಲಿನಲ್ಲಿ ಬದುವಿನ ಒಳ್ಳೆಯ ಜಾಗದಲ್ಲಿರುವ, ಮಣಿಕಟ್ಟಿನಷ್ಟು ದಪ್ಪದ ಬೊಡ್ಡೆಯ ಮೂರು ಗಿಡ ಗುರುತಿಸಿ. ನೆಲದಿಂದ ಒಂದು ಅಡಿ ಬಿಟ್ಟು ಗರಗಸದಿಂದ ಕೊಯ್ಯಿರಿ. ಕೊಡಲಿ ಪೆಟ್ಟಿಗೆ ಬೊಡ್ಡೆ ಸೀಳುತ್ತದೆ, ಸೀಳಿನಲ್ಲಿ ಕೊಳೆ ಸೇರುತ್ತದೆ. ಕೆಲವು ವಾರದಲ್ಲಿ ಹತ್ತಾರು ಚಿಗುರು ಏಳುತ್ತವೆ. ನೆಟ್ಟಗಿರುವ ಎರಡು-ಮೂರನ್ನು ಬಿಟ್ಟು ಉಳಿದದ್ದು ಕಿತ್ತುಹಾಕಿ.

ಜೂನ್ ಕೊನೆಯಿಂದ ಆಗಸ್ಟಿನೊಳಗೆ, ಬಿಟ್ಟ ಚಿಗುರು ಪೆನ್ಸಿಲಿನಷ್ಟು ದಪ್ಪವಾಗಿ, ಚಾಕುವಿನ ತುದಿ ಆಡಿಸಿದರೆ ತೊಗಟೆ ಸಲೀಸಾಗಿ ಬಿಡುವಂತಿದ್ದಾಗ ಕಣ್ಣು ಕೂರಿಸಬೇಕು. ‘ಉಮ್ರಾನ್’ ಒಣ ನೆಲಕ್ಕೆ ಒಗ್ಗಿದ, ದೊಡ್ಡ ಹಣ್ಣಿನ ಜಾತಿ. ಕಣ್ಣಿನ ಕಡ್ಡಿಯನ್ನು ಅದೇ ವರ್ಷ ಬೆಳೆದ ಟೊಂಗೆಯಿಂದ ಕೊಯ್ದು, ಎಲೆ ಕತ್ತರಿಸಿ ತೊಟ್ಟು ಉಳಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಸಾಧ್ಯವಾದರೆ ಅದೇ ದಿನ ಬಳಸಿ. ಚಿಗುರಿನ ತೊಗಟೆಯನ್ನು ‘ಟಿ’ ಆಕಾರದಲ್ಲಿ ಸೀಳಿ, ಕಣ್ಣಿರುವ ತೊಗಟೆಯ ಚೂರನ್ನು ಒಳಗೆ ಜಾರಿಸಿ, ಕಣ್ಣು ಮಾತ್ರ ಹೊರಗೆ ಕಾಣುವಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ. ಮಳೆ ಬೀಳುವ ದಿನ ಮಾಡಬೇಡಿ, ಸೀಳಿನೊಳಗೆ ನೀರು ಇಳಿದರೆ ಕಣ್ಣು ಕಪ್ಪಾಗುತ್ತದೆ. ಕೈ ಪಳಗದವರು ಪ್ರತಿ ಬೊಡ್ಡೆಗೆ ಎರಡು-ಮೂರು ಕಣ್ಣು ಕೂರಿಸಿ, ಒಂದಾದರೂ ಹಿಡಿಯುತ್ತದೆ.

ಮೂರು ವಾರದ ಮೇಲೆ ಕಣ್ಣು ಹಸಿರಾಗಿಯೇ ಇದ್ದರೆ ಅದರ ಮೇಲೆ ಅರ್ಧ ಅಡಿ ಬಿಟ್ಟು ಚಿಗುರಿನ ತುದಿ ಕತ್ತರಿಸಿ, ಪಟ್ಟಿ ಬಿಚ್ಚಿ. ಕಸಿ ಕೆಡುವುದು ಬಹುತೇಕ ಇಲ್ಲಿಂದ ಮುಂದೆ. ಕಣ್ಣಿನ ಕೆಳಗಿಂದ ಕಾಡು ಚಿಗುರು ಮತ್ತೆ ಮತ್ತೆ ಏಳುತ್ತದೆ; ಎರಡು ವರ್ಷ ತಿಂಗಳಿಗೊಮ್ಮೆ ಮುರಿಯದೆ ಬಿಟ್ಟರೆ ಕಾಡೇ ಗೆದ್ದು ಕಸಿ ಒಣಗುತ್ತದೆ. ಆಮೇಲೆ ‘ಜಾತಿ ಸರಿ ಇರಲಿಲ್ಲ’ ಎನ್ನುವ ಮಾತು ಬರುತ್ತದೆ. ಜಾತಿಯದ್ದೇನೂ ತಪ್ಪಿಲ್ಲ.

ಬಾರೆ ಕಾಯಿ ಬಿಡುವುದು ಹೊಸ ಟೊಂಗೆಯ ಮೇಲೆ. ಪ್ರತಿ ಏಪ್ರಿಲ್ ಕೊನೆಗೆ, ಎಲೆ ಉದುರಿದಾಗ, ಹಳೆ ಟೊಂಗೆ ಮೊಟಕುಗೊಳಿಸಿ. ಸವರಿದ ಮುಳ್ಳು ಸಸಿಗಳ ಬೇಲಿಗಾಯಿತು. ಹಣ್ಣಿನೊಳಗೆ ಹುಳು ಬಂದರೆ ಅದು ಹಣ್ಣು ನೊಣದ ಮರಿ. ಉದುರಿದ ಹಣ್ಣನ್ನು ಗಿಡದ ಕೆಳಗೆ ಕೊಳೆಯಲು ಬಿಡದೆ ಆರಿಸಿ ಆಳವಾಗಿ ಹೂಳಿ, ಬೇಸಿಗೆಯಲ್ಲಿ ಬುಡದ ಮಣ್ಣು ಕೆದಕಿ ಬಿಸಿಲಿಗೆ ಒಡ್ಡಿ. ಮಣ್ಣಿನಲ್ಲಿರುವ ಕೋಶ ಸಾಯುತ್ತದೆ. ಹೆಚ್ಚಾದ ಹಣ್ಣನ್ನು ಒಣಗಿಸಿಡಿ. ತೆಲಂಗಾಣದ ಗಡಿಯ ಊರುಗಳಲ್ಲಿ ಉಪ್ಪು, ಖಾರ, ಬೆಲ್ಲ ಹಾಕಿ ಕುಟ್ಟಿ, ತಟ್ಟಿ, ಒಣಗಿಸಿ ವಡೆ ಮಾಡಿಟ್ಟುಕೊಳ್ಳುತ್ತಾರೆ, ಬೇಸಿಗೆಯ ರೊಟ್ಟಿಗೆ ಅದು ನಂಜಿಕೊಳ್ಳಲು.

ಯಾವ ಬದು, ಯಾವ ದಿಕ್ಕು

ಜಗಳ ಶುರುವಾಗುವುದು ಇಲ್ಲಿಂದಲೇ. ಹಿಂಗಾರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಗಿಡದ ನೆರಳು ಉತ್ತರಕ್ಕೆ ಬೀಳುತ್ತದೆ. ದಕ್ಷಿಣದ ಬದುವಿನ ಮೇಲೆ ಹುಣಸೆ ನೆಟ್ಟರೆ ನೆರಳು ನಿಮ್ಮ ಜೋಳದ ಮೇಲೆ. ಉತ್ತರದ ಬದುವಿನ ಮೇಲೆ ನೆಟ್ಟರೆ ಪಕ್ಕದ ಹೊಲದ ಜೋಳದ ಮೇಲೆ. ಹೀಗಾಗಿ ದೊಡ್ಡ ಗಿಡಕ್ಕೆ ಪೂರ್ವ ಅಥವಾ ಪಶ್ಚಿಮದ ಬದು ಸರಿ, ಅಲ್ಲಿ ನೆರಳು ಬೆಳಿಗ್ಗೆ ಒಂದು ಕಡೆ ಸಂಜೆ ಇನ್ನೊಂದು ಕಡೆ ಸರಿಯುತ್ತದೆ, ಯಾವ ಸಾಲಿಗೂ ದಿನವಿಡೀ ಕೂರುವುದಿಲ್ಲ. ಉತ್ತರಕ್ಕೆ ದಾರಿಯೋ ಹಳ್ಳವೋ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ದಕ್ಷಿಣದ ಬದುವಿಗೆ ಸೀತಾಫಲ, ಕವಳೆ ಸಾಕು.

ಹುಣಸೆ, ಮಾವು, ನೇರಳೆಗೆ ಮತ್ತೊಂದು ಗಿಡದಿಂದ ಮೂವತ್ತು ಅಡಿ ದೂರ. ಬಾರೆಗೆ ಇಪ್ಪತ್ತು. ಸೀತಾಫಲಕ್ಕೆ ಹನ್ನೆರಡರಿಂದ ಹದಿನೈದು. ನುಗ್ಗೆ, ಕರಿಬೇವು ಹೊಲಕ್ಕೆ ಹೋಗುವುದೇ ಬೇಡ, ಮನೆಯ ಹಿತ್ತಲಲ್ಲಿರಲಿ. ದಿನಾ ಮುರಿಯುವ ಸೊಪ್ಪು ಒಲೆಗೆ ಹತ್ತಿರವಿದ್ದರೆ ಮಾತ್ರ ಅಡುಗೆಗೆ ಬರುತ್ತದೆ.

ಗಿಡ ಇದ್ದರೆ ಹಕ್ಕಿ ಕೂತು ಜೋಳದ ತೆನೆ ತಿನ್ನುತ್ತವೆ ಎಂಬ ದೂರು ಸುಳ್ಳಲ್ಲ. ಎಷ್ಟೋ ಬೇವು-ಜಾಲಿ ಕೊಡಲಿ ಕಂಡದ್ದು ಇದೇ ಕಾರಣಕ್ಕೆ. ಜೋಳ ಹಾಕುವ ತುಂಡಿನಿಂದ ದೊಡ್ಡ ಗಿಡವನ್ನು ದೂರವಿಡಿ, ಇರುವುದನ್ನು ಅಕ್ಟೋಬರಿನಲ್ಲಿ, ತೆನೆ ಬರುವ ಮೊದಲೇ, ಸವರಿ ತೆಳ್ಳಗೆ ಮಾಡಿ. ತೊಗರಿ ಹೊಲದಲ್ಲಿ ಲೆಕ್ಕ ತಿರುವುಮುರುವು: ಅಲ್ಲಿ ಕಾಯಿಕೊರಕ ಹುಳುವನ್ನು ಹೆಕ್ಕಲಿ ಎಂದೇ ಹಕ್ಕಿ ಕೂರಲು ಕವಲು ಕೋಲು ನೆಡಲು ಹೇಳುತ್ತಾರೆ. ಬದುವಿನ ಬೇವು ಆ ಕೆಲಸವನ್ನು ಪುಕ್ಕಟೆ ಮಾಡುತ್ತದೆ.

ಗುಂಡಿ: ಎರೆಗೆ (ಕಪ್ಪು ಮಣ್ಣಿಗೆ) ಒಂದು ಬಗೆ, ಕೆಂಪು ನೆಲಕ್ಕೆ ಇನ್ನೊಂದು

ಏಪ್ರಿಲ್-ಮೇ ತಿಂಗಳಲ್ಲಿ ತೋಡಿ ಬಿಸಿಲು ಬೀಳಲು ಬಿಡಿ. ಮಾವು, ಹುಣಸೆಗೆ ಉದ್ದ, ಅಗಲ, ಆಳ ಮೂರೂ ಮೂರಡಿ. ಸೀತಾಫಲ, ನೇರಳೆಗೆ ಎರಡಡಿ. ನುಗ್ಗೆಗೆ ಒಂದೂವರೆ. ಮೇಲಿನ ಒಂದಡಿ ಮಣ್ಣು ಬೇರೆ ರಾಶಿ, ಕೆಳಗಿನದು ಬೇರೆ ರಾಶಿ ಹಾಕಿ. ತುಂಬುವಾಗ ಮೇಲ್ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ ಬೆರೆಸಿ ಕೆಳಗೆ ಹೋಗಲಿ. ಹಸಿ ಸಗಣಿ ಹಾಕಿದರೆ ಗೆದ್ದಲಿಗೆ ಊಟ ಬಡಿಸಿದಂತೆ.

ಕಲಬುರಗಿ, ಜೇವರ್ಗಿ, ಶಹಾಪುರ ಕಡೆಯ ಆಳವಾದ ಎರೆಯಲ್ಲಿ ತೊಂದರೆ ಎರಡು. ಆಗಸ್ಟ್-ಸೆಪ್ಟೆಂಬರಿನಲ್ಲಿ ಗುಂಡಿಯೇ ಹೊಂಡವಾಗಿ ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಸೀತಾಫಲ, ನುಗ್ಗೆ ಸಾಯುವುದು ಬಹಳ ಸಲ ಹೀಗೆ, ಬರದಿಂದಲ್ಲ. ಇದಕ್ಕೆ ಗುಂಡಿಯ ಮಣ್ಣಿಗೆ ಮೂರನೇ ಒಂದು ಪಾಲು ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಬೆರೆಸಿ, ಸಸಿಯ ಬುಡ ಸುತ್ತಲ ನೆಲಕ್ಕಿಂತ ಅರ್ಧ ಅಡಿ ಎತ್ತರವಿರುವಂತೆ ದಿಬ್ಬ ಮಾಡಿ ನೆಡಿ. ಎರಡನೆಯದು ಬೇಸಿಗೆಯ ಬಿರುಕು. ಎರೆ ಬಿರಿದಾಗ ಎಳೆ ಬೇರು ಹರಿಯುತ್ತದೆ, ಬಿರುಕಿನೊಳಗಿಂದ ತೇವ ಆರಿಹೋಗುತ್ತದೆ. ಫೆಬ್ರವರಿಯಿಂದಲೇ ಬುಡದ ಸುತ್ತ ಮೂರಡಿ ಮಣ್ಣನ್ನು ಕುರ್ಚಿಗೆಯಿಂದ (ಕಳೆ ತೆಗೆಯುವ ಕೈ ಸಲಕರಣೆ) ಸಡಿಲಿಸಿ ಪುಡಿ ಮಾಡಿ ಬಿರುಕು ಮುಚ್ಚುತ್ತಿರಿ.

ಬೀದರ್, ಹುಮನಾಬಾದಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲುವ ಭಯ ಕಡಿಮೆ, ಆದರೆ ಒಂದೂವರೆ-ಎರಡು ಅಡಿಗೇ ಗಟ್ಟಿ ಪದರ ಸಿಗಬಹುದು. ಅದನ್ನು ಹಾರೆಯಿಂದ ಒಡೆಯದೆ ಮೇಲೆಯೇ ನೆಟ್ಟರೆ ಸಸಿ ಎರಡು ವರ್ಷ ಚೆನ್ನಾಗಿ ಕಂಡು ಮೂರನೇ ಬೇಸಿಗೆಗೆ ತುದಿಯಿಂದ ಒಣಗುತ್ತದೆ. ಇಲ್ಲಿ ಗುಂಡಿಗೆ ಒಂದೆರಡು ಬುಟ್ಟಿ ಕೆರೆ ಗೋಡು (ಹೂಳು) ಬೆರೆಸಿದರೆ ತೇವ ನಿಲ್ಲುತ್ತದೆ. ಮಾವು, ಸೀತಾಫಲ ಎರೆಗಿಂತ ಈ ನೆಲದಲ್ಲೇ ಹೆಚ್ಚು ಖುಷಿ. ಎರೆಯವರು ಮಾವಿಗೆ ಹೆಣಗುವ ಬದಲು ಇನ್ನೊಂದು ಬಾರೆ, ಇನ್ನೊಂದು ಹುಣಸೆ ನೆಡಲಿ.

ನೆಡುವುದು ಮಿರಗದ (ಜೂನಿನ ಮೃಗಶಿರಾ) ಮಳೆ ಬಿದ್ದು ಮಣ್ಣು ಒಂದು ಅಡಿ ಹಸಿಯಾದ ಮೇಲೆ, ಜುಲೈ ಮುಗಿಯುವುದರೊಳಗೆ. ಚೀಲದ ಪ್ಲಾಸ್ಟಿಕ್ಕನ್ನು ಪೂರ್ತಿ ತೆಗೆಯಿರಿ, ತಳದಲ್ಲಿ ಸುರುಳಿ ಸುತ್ತಿದ ಬೇರನ್ನು ಕತ್ತರಿಸಿ. ಸುರುಳಿ ಹಾಗೇ ಉಳಿದರೆ ಗಿಡ ವರ್ಷಗಟ್ಟಲೆ ಅದೇ ಕಟ್ಟಿನೊಳಗೆ ತಿರುಗುತ್ತದೆ. ಕಸಿ ಗಿಡದ ಕಸಿ ಗಂಟು ಮಣ್ಣಿನಿಂದ ನಾಲ್ಕು ಬೆರಳು ಮೇಲಿರಲಿ.

ಎರಡು ಬೇಸಿಗೆ ದಾಟಿಸುವುದು

ಸಸಿ ಸಾಯುವ ಕಾಲ ಜೋಳದ ರಾಶಿಯಿಂದ ಮಿರಗದವರೆಗೆ. ರಾಶಿ ಮುಗಿದೊಡನೆ ಊರ ದನ, ಆಡು, ಕುರಿ ಎಲ್ಲ ಹೊಲಕ್ಕೆ ಇಳಿಯುತ್ತವೆ, ಯಾರ ಹೊಲ ಎಂಬ ಲೆಕ್ಕವಿರುವುದಿಲ್ಲ. ಆಗ ಹಸಿರಾಗಿ ಕಾಣುವುದು ನಿಮ್ಮ ಸಸಿ ಒಂದೇ. ಜನವರಿಯಲ್ಲೇ ಜಾಲಿ ಅಥವಾ ಬಾರೆಯ ಮುಳ್ಳನ್ನು ಬುಡ ಕೆಳಗೆ ಹೂತು ಸುತ್ತ ಐದು ಅಡಿ ಎತ್ತರ ಕಟ್ಟಿ. ಮೂರಡಿ ಬೇಲಿ ಸಾಲದು. ಆಡು ಹಿಂಗಾಲ ಮೇಲೆ ನಿಂತು ಕತ್ತು ಚಾಚುತ್ತದೆ. ಸಗಣಿ ನೀರನ್ನು ಎಲೆಯ ಮೇಲೆ ಚಿಮುಕಿಸಿದರೂ ಆಡು ಮೂಸಿ ಬಿಡುತ್ತದೆ, ಆದರೆ ಮಳೆ ಬಿದ್ದಾಗಲೆಲ್ಲ ಮತ್ತೆ ಚಿಮುಕಿಸಬೇಕು. ಸೀತಾಫಲಕ್ಕೆ ಈ ತಾಪತ್ರಯ ಇಲ್ಲ, ಅದರ ಎಲೆಗೆ ಆಡೂ ಬಾಯಿ ಹಾಕುವುದಿಲ್ಲ. ಬೇಲಿ ಕಟ್ಟಲಾಗದ ದೂರದ ಬದುವಿಗೆ ಅದನ್ನೇ ಹಾಕಿ.

ನೀರಿಗೆ ಮಣ್ಣಿನ ಗಡಿಗೆ ಒಳ್ಳೆಯದು. ಐದಾರು ಲೀಟರಿನ, ಒಳಗೆ ಬಣ್ಣ ಬಳಿಯದ ಗಡಿಗೆಯನ್ನು ಸಸಿಯಿಂದ ಒಂದೂವರೆ ಅಡಿ ದೂರ ಕುತ್ತಿಗೆಯವರೆಗೆ ಹೂತು, ತುಂಬಿಸಿ, ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ. ನೀರು ಗೋಡೆಯಿಂದ ಜಿನುಗಿ ಬೇರಿನ ಆಳಕ್ಕೇ ಹೋಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ತುಂಬಿಸಿದರೆ ಸಾಕು. ಗಡಿಗೆ ಇಲ್ಲದಿದ್ದರೆ ವಾರಕ್ಕೊಮ್ಮೆ ಹತ್ತು ಲೀಟರ್, ಸಂಜೆ ಹೊತ್ತು. ದಿನಾ ಒಂದು ತಂಬಿಗೆ ಹಾಕುವ ರೂಢಿ ಕೆಟ್ಟದು: ಬೇರು ನೀರನ್ನು ಹುಡುಕಿ ಮೇಲಕ್ಕೇ ಬರುತ್ತದೆ, ನಾಲ್ಕು ದಿನ ತಪ್ಪಿದರೆ ಗಿಡ ಬಾಡುತ್ತದೆ.

ಬುಡಕ್ಕೆ ಸೋಯಾ ಹೊಟ್ಟು, ತೊಗರಿ ಹೊಟ್ಟು ನಾಲ್ಕು ಬೆರಳು ದಪ್ಪ ಹಾಸಿ, ಕಾಂಡದಿಂದ ಒಂದು ಗೇಣು ಬಿಟ್ಟು. ಕಾಂಡಕ್ಕೆ ತಾಗಿಸಿದರೆ ಗೆದ್ದಲು ಹತ್ತುತ್ತದೆ. ಇನ್ನೊಂದು, ಬದುವಿನ ಒಣ ಹುಲ್ಲಿಗೆ ಬೆಂಕಿ ಹಚ್ಚುವವರು ಮಾರ್ಚ್-ಏಪ್ರಿಲಿನಲ್ಲಿ ಇದ್ದೇ ಇರುತ್ತಾರೆ. ಸಸಿಯ ಸುತ್ತ ಒಂದು ಮಾರು ನೆಲವನ್ನು ಹುಲ್ಲಿಲ್ಲದಂತೆ ಕೆರೆದಿಡಿ. ಬೆಂಕಿ ಬಂದ ವರ್ಷ ಹಾಸು ಹೊಟ್ಟೂ ಹೊತ್ತಿಕೊಳ್ಳುವುದರಿಂದ ಅದರ ಮೇಲೆ ಮಣ್ಣು ಎಳೆದಿರುವುದು ಕ್ಷೇಮ.

ನುಗ್ಗೆ

ನುಗ್ಗೆಯನ್ನು ಗಿಡವಾಗಿ ಬಿಡಬೇಡಿ, ಸೊಪ್ಪಿನ ಮಡಿಯಂತೆ ನಡೆಸಿ. ‘ಪಿಕೆಎಂ-1’ ಅಥವಾ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಯ ಬೀಜ, ಗುಂಡಿಗೆ ಎರಡು, ಒಂದು ಇಂಚು ಆಳಕ್ಕೆ. ಮೂರಡಿ ಬೆಳೆದಾಗ ತುದಿ ಚಿವುಟಿ, ಪಕ್ಕದ ಕವಲು ಬಂದಾಗ ಅವುಗಳ ತುದಿಯನ್ನೂ ಚಿವುಟಿ. ಬೀಜದಿಂದ ಆರು ತಿಂಗಳಿಗೆ ಕಾಯಿ. ವರ್ಷದ ಕಾಯಿ ಮುಗಿದ ಮೇಲೆ ಮೂರಡಿಗೆ ಕೊಯ್ದು ಗೊಬ್ಬರ ಕೊಡಿ. ಹೀಗೆ ಮಾಡದೆ ಬಿಟ್ಟರೆ ಸೊಪ್ಪು-ಕಾಯಿ ಎರಡೂ ಇಪ್ಪತ್ತಡಿ ಮೇಲೆ ಹೋಗಿ, ಏರಿದವರ ಕೆಳಗೆ ಟೊಂಗೆ ಮುರಿಯುತ್ತದೆ. ನುಗ್ಗೆಯ ಮರ ಬೆಂಡು.

ಮಳೆಗಾಲದಲ್ಲಿ ಕಾಂಡಕ್ಕೆ ಕಂಬಳಿ ಹುಳು ಮುತ್ತುತ್ತದೆ, ಅದಕ್ಕೆ ಹೆದರಿ ಜನ ಗಿಡವನ್ನೇ ಕಡಿಯುತ್ತಾರೆ. ಈ ಹುಳು ಹಗಲು ಕಾಂಡದ ಮೇಲೆ ಗುಂಪಾಗಿ ಕೂರುತ್ತದೆ. ಪೊರಕೆಯಿಂದ ಸಾಬೂನು ನೀರಿನ ಬಕೆಟ್ಟಿಗೆ ಕೆಡವಿ, ಬರಿಗೈ ತಾಗಿಸಬೇಡಿ. ಗಿಡ ಕುಳ್ಳಗಿದ್ದರೆ ಇದು ಹತ್ತು ನಿಮಿಷದ ಕೆಲಸ.

ನೂರು ಗ್ರಾಂ ಹಸಿ ಎಲೆಯಲ್ಲಿ 6 ಗ್ರಾಂಗೂ ಮಿಕ್ಕಿ ಪ್ರೋಟೀನ್, 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇರುತ್ತದೆ. ಜೋಳ-ತೊಗರಿಯ ಊಟಕ್ಕೆ ಕಡಿಮೆ ಬೀಳುವುದೂ ಇಂಥದ್ದೇ. ಎಳೆ ಎಲೆಯನ್ನು ರೊಟ್ಟಿ ಹಿಟ್ಟಿಗೆ ಕಲಸಿ, ಬೇಳೆಗೆ ಇಳಿಸುವ ಮುಂಚೆ ಹಾಕಿ. ಸೊಪ್ಪು ಹೆಚ್ಚಿರುವಾಗ ತೊಳೆದು, ನೆರಳಲ್ಲಿ ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಒಣಗಿಸಿ. ಹಿಸುಕಿದರೆ ಚರಚರ ಪುಡಿಯಾಗಬೇಕು. ಬಿಸಿಲಿಗೆ ಹಾಕಿದರೆ ಬಣ್ಣವೂ ಸತ್ವವೂ ಹೋಗುತ್ತದೆ. ಕೆಜಿ ಎಲೆಗೆ ಸಿಗುವ ಪುಡಿ ಕಾಲು ಕೆಜಿಗಿಂತ ಕಡಿಮೆ. ಸ್ವಲ್ಪ ಹಸಿ ಉಳಿದರೂ ಡಬ್ಬಿಯಲ್ಲಿ ಬೂಸ್ಟು ಹಿಡಿಯುತ್ತದೆ.

ಹುಣಸೆ, ಬೇವು

ಬೀಜದ ಹುಣಸೆಗೆ ಎಂಟು-ಹತ್ತು ವರ್ಷ ಕಾಯಬೇಕು, ಕಸಿಯದಕ್ಕೆ ನಾಲ್ಕೈದು. ಚಿಗುರು ಕೊಯ್ಯುವಾಗ ಕೈಗೆಟಕುವ ಕೆಳಟೊಂಗೆಯದಷ್ಟೇ ಮುರಿಯಿರಿ. ಮೇಲಿನದು ಮುಂದಿನ ಹೂವು. ತೊಗರಿಬೇಳೆಗೆ ಆ ಚಿಗುರು ಹಾಕಿದರೆ ಬೇರೆ ಹುಳಿ ಬೇಡ. ಹಣ್ಣನ್ನು ಸಿಪ್ಪೆ, ನಾರು, ಬೀಜ ತೆಗೆದು ಎರಡು-ಮೂರು ಬಿಸಿಲು ಕಾಯಿಸಿ, ಕೆಜಿಗೆ ನೂರು ಗ್ರಾಂ ಉಪ್ಪು ಬೆರೆಸಿ ಮಣ್ಣಿನ ಗಡಿಗೆಯಲ್ಲೋ ಪಿಂಗಾಣಿ ಭರಣಿಯಲ್ಲೋ ಅದುಮಿ ತುಂಬಿ. ಕಬ್ಬಿಣ, ಹಿತ್ತಾಳೆ, ತಾಮ್ರದ ಪಾತ್ರೆ ಬೇಡ.

ಬೇವು ತಿನ್ನುವುದಕ್ಕಿಲ್ಲ, ತಿನ್ನುವುದನ್ನು ಕಾಯುವುದಕ್ಕಿದೆ. ಜೂನ್-ಜುಲೈಯಲ್ಲಿ ಉದುರಿದ ಹಣ್ಣು ಆರಿಸಿ, ತಿರುಳು ತೊಳೆದು ಬೀಜವನ್ನು ನೆರಳಲ್ಲಿ ಒಣಗಿಸಿ ಗೋಣಿಚೀಲದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಸ್ಟು ಹಿಡಿಯುತ್ತದೆ. ತೊಗರಿ ಹೂವಾಡುವಾಗ 5 ಕೆಜಿ ಬೀಜದ ತಿರುಳನ್ನು ಜಜ್ಜಿ 10 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಗ್ರಾಂ ಸಾಬೂನು ಕರಗಿಸಿ, 100 ಲೀಟರಿಗೆ ಏರಿಸಿ ಸಂಜೆ ಸಿಂಪಡಿಸಿ. ಕಾಯಿಕೊರಕ ಮೊಟ್ಟೆ-ಎಳೆಮರಿ ಇರುವಾಗ ಕೆಲಸ ಮಾಡುತ್ತದೆ. ಹುಳು ಬಲಿತು ಕಾಯಿಯೊಳಗೆ ತಲೆ ತೂರಿಸಿದ ಮೇಲೆ ಹೊಡೆದು ಬೇವನ್ನು ಬೈಯಬೇಡಿ.

ಬೆಳೆಗೆ ಬೀಳುವ ಪೆಟ್ಟು

ದೊಡ್ಡ ಗಿಡದ ಹರವಿನಷ್ಟು ದೂರ ತೊಗರಿ ಕುಳ್ಳಗಾಗುತ್ತದೆ, ಇದನ್ನು ಮುಚ್ಚಿಟ್ಟು ಗಿಡ ನೆಡಿಸುವುದು ಸರಿಯಲ್ಲ. ತಗ್ಗಿಸುವ ದಾರಿ: ಮೇ ತಿಂಗಳಲ್ಲಿ ಕಾಂಡದಿಂದ ಐದಾರು ಅಡಿ ಆಚೆ, ಬದುವಿಗೆ ಸಮವಾಗಿ, ಒಂದು ಅಡಿ ಅಗಲ ಎರಡು ಅಡಿ ಆಳದ ಕಾಲುವೆ ತೋಡಿ ಹೊಲದ ಕಡೆ ಹಬ್ಬಿದ ಮೇಲ್ಬೇರು ಕತ್ತರಿಸಿ, ಮತ್ತೆ ಮಣ್ಣು ತುಂಬಿ. ಎರಡು-ಮೂರು ವರ್ಷಕ್ಕೊಮ್ಮೆ ಸಾಕು. ಎರಡೂ ಬದಿ ಒಂದೇ ವರ್ಷ ಕಡಿದರೆ ಮಳೆಗಾಲದ ಗಾಳಿಗೆ ಗಿಡ ಉರುಳುತ್ತದೆ. ಎಳೆ ಗಿಡಕ್ಕೆ ಇದು ಬೇಡ. ಬನ್ನಿಗೂ ಬೇಡ, ಅದರ ಬೇರು ನೇರ ಕೆಳಕ್ಕಿಳಿಯುತ್ತದೆ. ಸುಬಾಬುಲ್ ಮೇವಿಗೆ ಚೆನ್ನ, ಆದರೆ ಬೀಜ ಕಟ್ಟಲು ಬಿಟ್ಟರೆ ಹೊಲವೆಲ್ಲ ಕಳೆ. ಆಡಿಗೆ ಕೊಡುವಾಗಲೂ ಮೇವಿನ ಮೂರನೇ ಒಂದು ಪಾಲು ಮೀರಬಾರದು, ಕೂದಲು ಉದುರುತ್ತದೆ.

ಕಾಗದ ಪತ್ರ

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ ನಿಗದಿಯಾಗಿದೆ. ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿ ಹಿಡಿದು ಮಳೆಗೆ ಮುಂಚೆಯೇ ವಲಯ ಅರಣ್ಯ ಕಚೇರಿಗೆ ಹೋಗಿ, ಯಾವ ಜಾತಿ ಸಸಿ ಲಭ್ಯ, ಯಾವುದಕ್ಕೆ ಹಣ ಅನ್ವಯ ಎಂಬುದನ್ನು ಅಲ್ಲೇ ಕೇಳಿ. ಸಸಿ ಪಡೆದ ರಸೀದಿ ಕಾಪಾಡಿ, ಎಣಿಕೆಗೆ ಬಂದಾಗ ಅದೇ ಆಧಾರ. ಸ್ವಂತ ಹೊಲದ ಗಿಡವಾದರೂ 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಹಲವು ಜಾತಿಗಳನ್ನು ಕಡಿಯಲು ಅನುಮತಿ ಬೇಕು. ನೀಲಗಿರಿ, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ.

ಕಾಡಿನ ಅಂಚಿನ ಊರುಗಳಿಗೆ

ಚಿಂಚೋಳಿಯ ಒಣ ಎಲೆಯುದುರುವ ಕಾಡು 2011ರಿಂದ ವನ್ಯಜೀವಿ ಧಾಮ. ಅದರ ಅಂಚಿನ ಲಂಬಾಣಿ ತಾಂಡಾಗಳಿಗೆ ಹಣ್ಣು, ಸೊಪ್ಪು, ಜೇನು ಕಾಡಿನಿಂದಲೇ ಬರಬೇಕು, ಆದರೆ ಧಾಮದೊಳಗೆ ಅನುಮತಿಯಿಲ್ಲದೆ ಸಂಗ್ರಹ ಅಪರಾಧ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕಿರು ಅರಣ್ಯ ಉತ್ಪನ್ನದ ಸಮುದಾಯ ಹಕ್ಕಿಗೆ ‘ಬಿ’ ನಮೂನೆಯಲ್ಲಿ ಗ್ರಾಮಸಭೆಯ ಮೂಲಕ ಅರ್ಜಿ ಹಾಕಬಹುದು. ತೊಡಕು ಒಂದಿದೆ: ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನು ಅವಲಂಬಿಸಿದ್ದಕ್ಕೆ ಪುರಾವೆ ಕೇಳುತ್ತಾರೆ. ಲಂಬಾಣಿಗರು ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಹೀಗಾಗಿ ಗಡಿಯ ಈಚೆಯ ತಾಂಡಾಕ್ಕೆ ಈ ಷರತ್ತು ಬೀಳುತ್ತದೆ. ಹಳೆಯ ಸರಕಾರಿ ದಾಖಲೆ ಸಿಗದಿದ್ದರೆ ಹಿರಿಯರ ಲಿಖಿತ ಹೇಳಿಕೆ, ಹಳೆ ಗುಡಿ, ಬಾವಿ, ಸಮಾಧಿಯಂಥ ಕುರುಹುಗಳನ್ನೂ ಕಾಯ್ದೆಯ ನಿಯಮ ಪುರಾವೆಯೆಂದು ಒಪ್ಪುತ್ತದೆ. ಒಂದೇ ಪುರಾವೆ ಸಾಲದು, ಒಂದಕ್ಕಿಂತ ಹೆಚ್ಚು ಲಗತ್ತಿಸಿ, ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಬರೆಸಿಕೊಳ್ಳಿ.